ಆರ್ಖಿಯೋನ್ ಚಂದಾದಾರಳಾಗಿ ನಾಲ್ಕು ವರ್ಷ: ಒಬ್ಬ ಜರ್ಮನ್ ಅಜ್ಜಿಯ ತವರು ಹುಡುಕಿದ ಲೆಕ್ಕ

ಜರ್ಮನಿಯ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಶತಮಾನಗಳಿಂದ ಬರೆದಿಟ್ಟ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರದ ಪುಸ್ತಕಗಳನ್ನು ಪುಟಪುಟವಾಗಿ ಚಿತ್ರ ತೆಗೆದು, ಚಂದಾ ಕಟ್ಟಿದವರಿಗೆ ತೋರಿಸುವ ಜಾಲತಾಣ ಆರ್ಖಿಯೋನ್. ಅಲ್ಲಿನ ಪ್ರಾಂತೀಯ ಚರ್ಚುಗಳೇ ಕೂಡಿ ಕಟ್ಟಿದ ಸಂಸ್ಥೆಯೊಂದು 2015ರಲ್ಲಿ ಇದನ್ನು ಆರಂಭಿಸಿತು. ಕಳೆದ ನಾಲ್ಕು ವರ್ಷಗಳಲ್ಲಿ ಆರು ಬಾರಿ, ಪ್ರತಿ ಬಾರಿಯೂ ಒಂದು ತಿಂಗಳ ಮಟ್ಟಿಗೆ, ನಾನು ಇದಕ್ಕೆ ಹಣ ಕಟ್ಟಿದ್ದೇನೆ. ಮೊದಲ ತಿಂಗಳ ಹಣ ಪೂರ್ತಿ ನೀರುಪಾಲಾಯಿತು. ಅದಕ್ಕೆ ತಾಣ ಕಾರಣವಲ್ಲ, ನಾನೇ ಕಾರಣ. ಈ ತಾಣ ಯಾರ ಕೈಗೆ ಉಪಯೋಗಕ್ಕೆ ಬರುತ್ತದೆ, ಯಾರ ಕೈಗೆ ಬರುವುದಿಲ್ಲ ಎಂಬುದು ಆ ತಪ್ಪಿನಿಂದಲೇ ನನಗೆ ತಿಳಿದದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾನು ಹುಡುಕುತ್ತಿದ್ದುದು ನನ್ನ ಅತ್ತೆಯವರ ಮುತ್ತಜ್ಜನ ತಾಯಿಯ ತವರನ್ನು. ಅತ್ತೆಯವರು ಓಹಾಯೊ ರಾಜ್ಯದ ಸಿನ್ಸಿನಾಟಿಯವರು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನರು ಗುಂಪುಗುಂಪಾಗಿ ಬಂದು ನೆಲೆಸಿದ ಊರು ಅದು. ಅವರು ತುಂಬಿಕೊಂಡಿದ್ದ, ಹಳೆಯ ಕಾಲುವೆಯಾಚೆಯ ಬಡಾವಣೆಗೆ ಇಂದಿಗೂ 'ರೈನ್ ನದಿಯಾಚೆ' ಎಂಬ ಅರ್ಥದ ಹೆಸರೇ ಇದೆ. ಗಂಡಸರ ಕಡೆಯ ವಂಶಾವಳಿ ಮನೆಯ ಬೈಬಲಿನ ಆರಂಭದ ಪುಟದಲ್ಲಿ ಸಾಲಾಗಿ ಇತ್ತು. ಕತರೀನಾ ಎಂಬ ಈ ಹೆಂಗಸಿನ ಹೆಸರಿನ ಮುಂದೆ ಮಾತ್ರ ಏನೂ ಇರಲಿಲ್ಲ. ಧಾರವಾಡದ ನಮ್ಮ ಮನೆಯ ವಂಶಾವಳಿಯಲ್ಲೂ ಸೊಸೆಯಂದಿರಿಗೆ ತವರಿಲ್ಲ, ಆದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ.

ಓಹಾಯೊದಲ್ಲಿ 1908ರ ಡಿಸೆಂಬರಿನಿಂದ ಮರಣಪತ್ರಗಳನ್ನು ರಾಜ್ಯಮಟ್ಟದಲ್ಲಿ ಇಡತೊಡಗಿದರು. 1953ರವರೆಗಿನವು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕತರೀನಾಳ ಮಗ ತೀರಿಕೊಂಡದ್ದು ಆ ಅವಧಿಯಲ್ಲಿ. ಅವನ ಪತ್ರದಲ್ಲಿ ತಾಯಿಯ ಮದುವೆಗೆ ಮುಂಚಿನ ಹೆಸರು ಕೇಳುವ ಕಲಮಿನ ಎದುರು ವಾಗ್ನರ್ ಎಂದು ಬರೆದಿತ್ತು. ಕುಣಿದಾಡಿಬಿಟ್ಟೆ. ಅದೇ ಪತ್ರದ ಇನ್ನೊಂದು ಕಲಮಿನಲ್ಲಿ ಮಾಹಿತಿ ಕೊಟ್ಟವರ ಹೆಸರೂ ಇರುತ್ತದೆ ಎಂಬುದನ್ನು ಆಗ ಗಮನಿಸಲಿಲ್ಲ. ಅಲ್ಲಿದ್ದುದು ಸತ್ತವನ ಹೆಂಡತಿಯ ಹೆಸರು, ಅಂದರೆ ಕತರೀನಾಳ ಸೊಸೆಯದು. ಅತ್ತೆ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಗಂಡನನ್ನು ಕಳೆದುಕೊಂಡ ದುಃಖದಲ್ಲಿ, ಕೇಳಿದ ಪ್ರಶ್ನೆಗೆ ಆಕೆ ಮನೆಯಲ್ಲಿ ಕೇಳಿ ಗೊತ್ತಿದ್ದ ಒಂದು ಹೆಸರನ್ನು ಹೇಳಿದ್ದಳು, ಅಷ್ಟೆ.

ವಾಗ್ನರ್ ಎಂಬ ಹೆಸರನ್ನು ಚಂದಾ ಪಡೆಯುವ ಬೇರೊಂದು ವಂಶವೃಕ್ಷ ತಾಣಕ್ಕೆ ಕೊಟ್ಟೊಡನೆ ಹನ್ನೊಂದು ಸದಸ್ಯರ ವೃಕ್ಷಗಳು ಎದುರಿಗೆ ಬಂದು ನಿಂತವು. ಹನ್ನೊಂದೂ ಆಕೆಯನ್ನು ಹೆಸ್ಸೆ ಪ್ರಾಂತ್ಯದ ಒಂದೇ ಹಳ್ಳಿಯಲ್ಲಿ ಹುಟ್ಟಿಸಿದ್ದವು. ಇಷ್ಟು ಜನ ಹೇಳಿದ ಮೇಲೆ ಸರಿಯೇ ಇರಬೇಕೆಂದು ಆರ್ಖಿಯೋನ್‌ನ ಮೊದಲ ಚಂದಾ ಕೊಂಡು, ಆ ಹಳ್ಳಿಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಆ ಮಗುವನ್ನು ಹುಡುಕಿಯೂ ಬಿಟ್ಟೆ. ತಿಂಗಳ ಕೊನೆಯ ವಾರದಲ್ಲಿ, ಬೇರೇನೋ ನೋಡಲು ಹೋಗಿ, ಅದೇ ಹಳ್ಳಿಯ ಶವಸಂಸ್ಕಾರದ ಪುಸ್ತಕ ತೆರೆದಾಗ ಅದೇ ತಂದೆಯ, ಅದೇ ಹೆಸರಿನ ಮಗು ಆರನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಣಿಸಿತು. ಹನ್ನೊಂದು ಮಂದಿ ಒಬ್ಬರನ್ನೊಬ್ಬರು ನಕಲು ಮಾಡಿ, ಸತ್ತ ಮಗುವನ್ನು ಹಡಗು ಹತ್ತಿಸಿ ಅಮೆರಿಕದಲ್ಲಿ ಮದುವೆ ಮಾಡಿಸಿದ್ದರು.

ಮತ್ತೆ ಸಿನ್ಸಿನಾಟಿಗೇ ಮರಳಬೇಕಾಯಿತು. 1884ರ ಮಾರ್ಚಿನ ಗಲಭೆಯಲ್ಲಿ ಅಲ್ಲಿನ ನ್ಯಾಯಾಲಯದ ಕಟ್ಟಡಕ್ಕೆ ಬೆಂಕಿ ಬಿದ್ದು ದಾಖಲೆಗಳು ರಾಶಿರಾಶಿಯಾಗಿ ಸುಟ್ಟುಹೋದ ಕಾರಣ ಅದಕ್ಕೆ ಹಿಂದಿನ ಮದುವೆಗಳನ್ನು ಸರ್ಕಾರಿ ಕಾಗದದಲ್ಲಿ ಹುಡುಕುವುದು ಕಷ್ಟ. ಆದರೆ ಜರ್ಮನ್ ಚರ್ಚುಗಳು ತಮ್ಮ ಪುಸ್ತಕಗಳನ್ನು ತಾವೇ ಇಟ್ಟುಕೊಂಡಿದ್ದವು. ಅಂಥ ಒಂದು ಪುಸ್ತಕದ ನಕಲಿನಲ್ಲಿ 1851ರ ಮದುವೆ ಸಿಕ್ಕಿತು. ವಧುವಿನ ಹೆಸರಿನ ಹಿಂದೆ 'ವಿಟ್ವೆ' ಎಂಬ ಪದವಿತ್ತು: ವಿಧವೆ. ನಂತರ ವಾಗ್ನರ್, ಆಮೇಲೆ 'ಗೆಬ್.' ಎಂಬ ಸಂಕ್ಷೇಪ, ಅಂದರೆ 'ಗೆಬೋರೆನೆ', ಹುಟ್ಟಿನಿಂದ ಇಂಥವಳು ಎಂದು; ಅದರ ಮುಂದೆ ಬೇರೆಯೇ ಒಂದು ಹೆಸರು; ಕೊನೆಗೆ ಹಳ್ಳಿ ಮತ್ತು 'ಓಬರ್‌ಆಮ್ಟ್ ಬಾಕ್ನಾಂಗ್, ವ್ಯುರ್ಟೆಂಬರ್ಗ್'. ಓಬರ್‌ಆಮ್ಟ್ ಎಂದರೆ ನಮ್ಮ ತಾಲ್ಲೂಕಿನಂಥದು; ವ್ಯುರ್ಟೆಂಬರ್ಗ್ ನೈಋತ್ಯ ಜರ್ಮನಿಯ ಅಂದಿನ ಒಂದು ರಾಜ್ಯ. ವಾಗ್ನರ್ ಎಂಬುದು ತವರಿನ ಹೆಸರಲ್ಲ, 1849ರ ಕಾಲರಾದಲ್ಲಿ ಸತ್ತ ಮೊದಲ ಗಂಡನ ಹೆಸರು.

ಇಂಥ ಎಡವಟ್ಟು ಎಷ್ಟು ಸಹಜ ಎಂಬುದಕ್ಕೆ ನಮಗೆ ಹತ್ತಿರದ ನಿದರ್ಶನವೊಂದಿದೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಇದೇ ವ್ಯುರ್ಟೆಂಬರ್ಗಿನ ಬ್ರಾಕೆನ್‌ಹೈಮಿನವರು. ಅವರು ಮದುವೆಯಾದದ್ದು ತಮ್ಮ ಜೊತೆಗಾರ ಮಿಷನರಿ ಗಾಟ್‌ಫ್ರೀಡ್ ವೈಗ್ಲೆಯವರ ವಿಧವೆ ಪೌಲಿನ್ ಅವರನ್ನು. ಆ ಎರಡನೆಯ ಮದುವೆಯನ್ನಷ್ಟೇ ನೋಡಿದವರು ಆಕೆಯನ್ನು ವೈಗ್ಲೆ ಮನೆತನದ ಮಗಳೆಂದೇ ಬರೆದುಕೊಳ್ಳುತ್ತಾರೆ. ತವರಿನ ಹೆಸರು ಬಾಕ್‌ಮೈಸ್ಟರ್. ಮಂಗಳೂರಿನಲ್ಲಾಗಲಿ ಸಿನ್ಸಿನಾಟಿಯಲ್ಲಾಗಲಿ, ವಿಧವೆಯ ಮರುಮದುವೆಯ ದಾಖಲೆಯಲ್ಲಿ 'ಗೆಬೋರೆನೆ' ಎಂಬ ಪದ ಕಾಣುವವರೆಗೆ ಯಾವ ಹೆಸರನ್ನೂ ತವರಿನದೆಂದು ನಂಬಬಾರದೆಂದು ನಾನು ಕಲಿತದ್ದು ಹೀಗೆ.

ಹಳ್ಳಿಯ ಹೆಸರು ಕೈಯಲ್ಲಿದ್ದರೆ ಆರ್ಖಿಯೋನ್ ಎಂಥ ಸಾಧನ ಎಂಬುದು ಎರಡನೆಯ ಚಂದಾದಲ್ಲಿ ಗೊತ್ತಾಯಿತು. ಇಲ್ಲಿ ಪುಸ್ತಕಗಳನ್ನು ತಲುಪುವ ದಾರಿಯೇ ಊರು. ವ್ಯಕ್ತಿಯ ಹೆಸರು ಬರೆದು ಹುಡುಕುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮೊದಲು ಪುಸ್ತಕಗಳನ್ನು ಇಟ್ಟುಕೊಂಡಿರುವ ದಾಖಲೆ ಸಂಗ್ರಹಾಲಯ, ಆಮೇಲೆ ಚರ್ಚಿನ ಜಿಲ್ಲೆ, ಆಮೇಲೆ ಹಳ್ಳಿಯ ಚರ್ಚು, ಕೊನೆಗೆ ಪುಸ್ತಕ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಯಾವ ಹಳ್ಳಿಯ ಯಾವ ಪುಸ್ತಕ ಇದೆ ಎಂಬ ಪಟ್ಟಿಯನ್ನು ಹಣ ಕಟ್ಟುವ ಮೊದಲೇ ನೋಡಬಹುದು. ಇದನ್ನು ಮಾಡದೆ ಯಾರೂ ಚಂದಾ ಕೊಳ್ಳಬಾರದು.

ವ್ಯುರ್ಟೆಂಬರ್ಗಿನ ಮಟ್ಟಿಗೆ ಈ ತಾಣದ ನಿಜವಾದ ಸಂಪತ್ತು 1808ರಿಂದ ಆ ರಾಜ್ಯದ ಪಾದ್ರಿಗಳು ಕಡ್ಡಾಯವಾಗಿ ಇಡಬೇಕಾಗಿದ್ದ ಕುಟುಂಬ ದಾಖಲೆಪುಸ್ತಕ, 'ಫ಼ಮೀಲಿಯನ್‌ರೆಗಿಸ್ಟರ್'. ಒಂದು ಕುಟುಂಬಕ್ಕೆ ಒಂದು ಪುಟ. ಮೇಲೆ ಗಂಡ ಮತ್ತು ಅವನ ತಂದೆತಾಯಿ, ಪಕ್ಕದಲ್ಲಿ ಹೆಂಡತಿ ಮತ್ತು ಅವಳ ತಂದೆತಾಯಿ, ಕೆಳಗೆ ಹುಟ್ಟಿದ ಕ್ರಮದಲ್ಲಿ ಮಕ್ಕಳು. ಕತರೀನಾಳ ತಂದೆಯ ಪುಟದಲ್ಲಿ ಒಂಬತ್ತು ಮಕ್ಕಳಿದ್ದರು; ಅವರಲ್ಲಿ ನಾಲ್ವರ ಹೆಸರಿನ ಪಕ್ಕ ಸಣ್ಣ ಶಿಲುಬೆ. ಐದನೆಯವಳು ಈಕೆ. ಮದುವೆ ಮತ್ತು ಮರಣದ ಅಂಕಣಗಳು ಖಾಲಿ, ಅವೆರಡನ್ನೂ ದಾಟಿ ಓರೆಯಾಗಿ, ಉಳಿದ ಬರಹಕ್ಕಿಂತ ಮಾಸಲು ಶಾಯಿಯಲ್ಲಿ, '1847 ನಾಖ್ ಅಮೇರಿಕಾ', ಅಂದರೆ ಅಮೆರಿಕಕ್ಕೆ, ಎಂದು ಪಾದ್ರಿ ಬರೆದಿದ್ದ. ಆಲೂಗಡ್ಡೆ ಕೊಳೆತು, ದವಸ ಕೈಕೊಟ್ಟು, ನೈಋತ್ಯ ಜರ್ಮನಿ ಹಸಿದ ವರ್ಷ ಅದು. ಹುಟ್ಟಿದ ದಿನಾಂಕ ಸಿನ್ಸಿನಾಟಿಯ ಸಮಾಧಿಗಲ್ಲಿನ ದಿನಾಂಕಕ್ಕೆ ತಾಳೆಯಾಯಿತು. ಆ ಪುಟದ ಮುದ್ರಿತ ಪ್ರತಿಯನ್ನು ಅತ್ತೆಯವರು ಬೈಬಲಿನೊಳಗೆ ಇಟ್ಟುಕೊಂಡಿದ್ದಾರೆ.

ಲಿಪಿಯ ವಿಷಯದಲ್ಲಿ ತಾಣ ನಿಮಗಾಗಿ ಮಾಡುವುದು ಕಡಿಮೆ. ಬರಹವೆಲ್ಲ 'ಕುರೆಂಟ್' ಎಂಬ ಹಳೆಯ ಜರ್ಮನ್ ಕೈಬರಹ; ಅದರಲ್ಲಿ ಇ ಮತ್ತು ಎನ್ ಅಕ್ಷರಗಳು ಅವಳಿಗಳಂತಿರುತ್ತವೆ, ಯು ಅಕ್ಷರವನ್ನು ಎನ್‌ನಿಂದ ಬೇರ್ಪಡಿಸುವುದು ನೆತ್ತಿಯ ಮೇಲಿನ ಒಂದು ಸಣ್ಣ ಕೊಂಕು ಮಾತ್ರ. ಕತರೀನಾಳ ತವರಿನ ಹೆಸರು ಕುರ್ತ್ಸ್ ಎಂದೋ ಕುನ್ತ್ಸ್ ಎಂದೋ ಎರಡು ವಾರ ತೀರ್ಮಾನವಾಗಲಿಲ್ಲ. ಕೊನೆಗೆ ಅದೇ ಪಾದ್ರಿ ಬರೆದ, ಅನುಮಾನಕ್ಕೆ ಎಡೆಯಿಲ್ಲದ ಪದಗಳನ್ನು, ಅಂದರೆ ತಿಂಗಳ ಹೆಸರುಗಳು ಮತ್ತು ಪಕ್ಕದ ಊರುಗಳನ್ನು ಆಯ್ದು, ಅವನ ಆರ್ ಮತ್ತು ಎನ್ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡು ಹೋಲಿಸಿದಾಗ ಕುನ್ತ್ಸ್ ಎಂಬುದು ಖಚಿತವಾಯಿತು. ಹದಿನೆಂಟನೆಯ ಶತಮಾನಕ್ಕೆ ಹಿಂದೆ ಸರಿದಂತೆ ಇನ್ನೊಂದು ತೊಡಕು: ಅಲ್ಲಿ ಹೆಂಗಸರ ಅಡ್ಡಹೆಸರಿಗೆ 'ಇನ್' ಎಂಬ ಸ್ತ್ರೀಪ್ರತ್ಯಯ ಹತ್ತುತ್ತದೆ. ಕುನ್ತ್ಸ್ ಮನೆಯ ಮಗಳು ಕುನ್ತ್ಸಿನ್ ಆಗುತ್ತಾಳೆ. ಅದು ಬೇರೊಂದು ಮನೆತನವಲ್ಲ.

ಬೆಲೆ ತಿಂಗಳಿಗೆ ಸುಮಾರು 20 ಯೂರೋ. ದೀರ್ಘಾವಧಿಯ ಚಂದಾ ತಿಂಗಳ ಲೆಕ್ಕದಲ್ಲಿ ಅಗ್ಗವಾಗುತ್ತದೆ. ಆದರೂ ನನ್ನ ಅಭಿಪ್ರಾಯದಲ್ಲಿ ಹವ್ಯಾಸಿಗಳು ನೋಡಬೇಕಾದ ಪುಟಗಳ ಪಟ್ಟಿ ಕೈಯಲ್ಲಿ ಹಿಡಿದು ಒಂದು ತಿಂಗಳು ಕೊಳ್ಳುವುದೇ ಲೇಸು. ಕ್ಯಾಥೊಲಿಕ್ ಕುಟುಂಬದವರಿಗೆ ಇಲ್ಲಿ ಕೆಲಸವಿಲ್ಲ; ಅವರು ಹಲವು ಧರ್ಮಪ್ರಾಂತಗಳ ಪುಸ್ತಕಗಳನ್ನು ಉಚಿತವಾಗಿ ತೋರಿಸುವ ಮಾಟ್ರಿಕುಲಾ ತಾಣಕ್ಕೆ ಹೋಗಬೇಕು. ಹಳ್ಳಿ ಗೊತ್ತಿಲ್ಲದವರು ಹಡಗಿನ ಪಟ್ಟಿಗಳ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳದಿರಲಿ: ಹ್ಯಾಂಬರ್ಗಿನವು 1850ರಿಂದ ಮಾತ್ರ ಉಳಿದಿವೆ, ಬ್ರೆಮೆನ್‌ನವು ಬಹುಪಾಲು ನಾಶವಾಗಿವೆ. ಬಾಡೆನ್-ವ್ಯುರ್ಟೆಂಬರ್ಗಿನ ಸರ್ಕಾರಿ ದಾಖಲೆ ಸಂಗ್ರಹಾಲಯದ ವಲಸಿಗರ ಪಟ್ಟಿ ಉಚಿತ, ಆದರೆ ಅಪ್ಪಣೆ ಪಡೆಯದೆ ಹೊರಟವರ ಹೆಸರು ಅಂಥ ಪಟ್ಟಿಗೆ ಬರುವುದಿಲ್ಲ, ಕತರೀನಾ ಅದರಲ್ಲಿಲ್ಲ. ಅಮೆರಿಕದ ಜರ್ಮನ್ ಚರ್ಚಿನ ಪುಸ್ತಕವೇ ಮೊದಲ ಬಾಗಿಲು ಎಂದು ನಾನು ನಂಬಿದ್ದೇನೆ, ಮತ್ತು ಹೆಸರು ಸಿಕ್ಕ ಹಳ್ಳಿ ಎಲ್ಲಿದೆ, ಅದಕ್ಕೆ ಯಾವ ಚರ್ಚು ಎಂದು ನೋಡಲು 1912ರ ಮೆಯರ್ಸ್ ಊರುಕೋಶ ಜಾಲದಲ್ಲಿ ಬಿಡಿಗಾಸೂ ಇಲ್ಲದೆ ಸಿಗುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹಿಡಿದಿಟ್ಟುಕೊಂಡ ಒಂದು ಅಂಕ ಹೆಸರಿನ ಸೂಚಿ ಇಲ್ಲದ್ದಕ್ಕೆ. ಕುನ್ತ್ಸ್ ಮನೆತನ ಈಗ ಹದಿನೆಂಟನೆಯ ಶತಮಾನದ ಮೊದಲ ವರ್ಷಗಳವರೆಗೆ ಹೋಗಿ ನಿಂತಿದೆ. 1693ರಲ್ಲಿ ಫ್ರೆಂಚ್ ಸೈನ್ಯ ಬಾಕ್ನಾಂಗನ್ನು ಸುಟ್ಟ ವರ್ಷಕ್ಕಿಂತ ಹಿಂದಿನ ಪುಸ್ತಕ ನಮ್ಮ ಹಳ್ಳಿಯದು ಪಟ್ಟಿಯಲ್ಲಿಲ್ಲ. ಏಳನೆಯ ಚಂದಾವನ್ನು ಈ ಚಳಿಗಾಲದಲ್ಲಿ ಕೊಳ್ಳುವವಳಿದ್ದೇನೆ, ಕತರೀನಾಳ ತಾಯಿಯ ತವರಿಗಾಗಿ. ಆ ಹೆಸರೂ ಹಳ್ಳಿಯೂ ಅದೇ ಕುಟುಂಬ ಪುಟದ ಬಲಗಡೆಯ ಮೇಲಿನ ಮೂಲೆಯಲ್ಲಿ ಮೊದಲ ದಿನದಿಂದಲೂ ಇದ್ದವು.