ಕೈಗ್ರೈಂಡರ್ ಬಂದ ಮೇಲೆ ತಿಳಿಯಾದ ಡಿಕಾಕ್ಷನ್

ಗೋಣಿಕೊಪ್ಪದ ನಮ್ಮ ಮನೆಯಲ್ಲಿ ಸ್ಟೀಲ್ ಬರ್ (ಬೀಜ ಅರೆಯುವ ಹಲ್ಲಿನ ಭಾಗ) ಇರುವ ಈ ಕೈಗ್ರೈಂಡರನ್ನು ಕೆಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇವೆ. ಮೊದಲೆಲ್ಲ ಹುರಿದ ಕಾಫಿ ಬೀಜ ಮಿಕ್ಸಿಗೇ ಹೋಗುತ್ತಿತ್ತು. ಮಿಕ್ಸಿ ಬ್ಲೇಡು ಸಿಕ್ಕಸಿಕ್ಕ ಹಾಗೆ ಒಡೆಯುತ್ತದೆ: ಒಂದಷ್ಟು ತರಿತರಿ, ಒಂದಷ್ಟು ಹಿಟ್ಟು. ಬರ್‌ನಲ್ಲಿ ಹಾಗಲ್ಲ, ಹಲ್ಲುಗಳ ಸಂದಿಯಲ್ಲಿ ಇಳಿಯುವಷ್ಟು ಸಣ್ಣದಾದ ಪುಡಿ ಆಗಿಂದಾಗ ಕೆಳಗೆ ಬೀಳುತ್ತದೆ. ಆದರೂ ಧೂಳು ಪೂರ್ತಿ ತಪ್ಪದು. ಕಪ್ಪಗೆ ಹುರಿದ ಬೀಜ ಬೇಗ ಪುಡಿಯಾಗುವುದರಿಂದ ಅದರಲ್ಲಿ ಇನ್ನೂ ಹೆಚ್ಚು.

ಧೂಳೆಂದರೆ ಸುಮಾರು 100 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣ ಕಣ. ಬಿಸಿನೀರು ತಾಗಿದ ಕೂಡಲೇ ಸಾರ ಬಿಟ್ಟುಬಿಡುತ್ತದೆ. ದಪ್ಪ ಕಣದ ಒಳಕ್ಕೆ ನೀರು ಇಳಿಯುವಷ್ಟರಲ್ಲಿ ಈ ಧೂಳಿನಿಂದ ಕಹಿ, ಒಗರು ಶುರು. ನೀರಿನ ಜೊತೆ ಜಾರಿ ಫಿಲ್ಟರ್ ತಟ್ಟೆಯ ತೂತುಗಳನ್ನೂ ಕಟ್ಟುತ್ತದೆ. ಮಿಕ್ಸಿ ಪುಡಿ ಹಾಕಿದಾಗ ರಾತ್ರಿ ಸುರಿದ ನೀರು ಬೆಳಿಗ್ಗೆಯೂ ಮೇಲಿನ ಪಾತ್ರೆಯಲ್ಲೇ ನಿಂತಿರುತ್ತಿತ್ತು. ಇಳಿದದ್ದೂ ತಣ್ಣಗೆ, ಮಂದ ಕಹಿ, ಲೋಟದ ತಳದಲ್ಲಿ ಕೆಸರಿನಂಥ ಗಸಿ.

ಒಮ್ಮೆ ಮಿಕ್ಸಿ ಪುಡಿಯನ್ನು ವಸ್ತ್ರಗಾಳಿಸಿ, ಬಟ್ಟೆಯಿಂದ ಇಳಿದ ಧೂಳನ್ನು ಬೇರೆಯಾಗಿ ಬಿಸಿನೀರಿಗೆ ಹಾಕಿ ನೋಡಿದೆ. ನಾಲಿಗೆ ಒಣಗಿಸುವ ಒಗರು, ಬಾಯಿಗಿಡಲಾಗಲಿಲ್ಲ. ಉಳಿದ ತರಿಯ ಕಾಫಿ ಶುಭ್ರವಾಗಿತ್ತು, ಆದರೆ ತೆಳು, ತುಸು ಹುಳಿ. ಧೂಳಿನಲ್ಲಿ ಒಂದು ಚಿಟಿಕೆ ವಾಪಸ್ ಬೆರೆಸಿದಾಗಲೇ ಮೈ ತುಂಬಿಕೊಂಡದ್ದು. ಹಾಗಾಗಿ ಧೂಳೇ ಇರಬಾರದು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ, ಅದು ಹದದಲ್ಲಿರಬೇಕು. ಈ ಗ್ರೈಂಡರ್ ಆ ಹದ ಕೊಡುತ್ತದೆ.

2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕ ನಮ್ಮ ಕೊಡಗು ಅರೇಬಿಕಾವನ್ನು ಬೆಲ್ಲ ಹಾಕಿ, ಹಾಲಿಲ್ಲದೆ ಕುಡಿಯುವವರಿಗೆ ವ್ಯತ್ಯಾಸ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಇನ್ನೊಂದು ಜಾತಿಯ ಕಾಫಿಯಾದ ರೋಬಸ್ಟಾದಲ್ಲಿ ಕೆಫೀನೇ ಅರೇಬಿಕಾದ ಸುಮಾರು ಇಮ್ಮಡಿ, ಕಹಿ ಮೊದಲೇ ಇದೆ. ಅದನ್ನು ನಾನು ಗ್ರೈಂಡರಿನ ಅಳತೆ ಒಂದು ಗೀಟು ಸರಿಸಿ ತರಿಯಾಗಿಯೇ ಬೀಸುತ್ತೇನೆ. ಚಿಕೋರಿ ಬೆರೆಸಿ ದಪ್ಪ ಹಾಲಿನಲ್ಲಿ ಕುಡಿಯುವ ಮನೆಗೆ ಇಷ್ಟು ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ.

ಕೊರತೆಗಳೂ ಇವೆ. ತೆಳುವಾಗಿ ಹುರಿದ ಬೀಜಕ್ಕೆ ಹಿಡಿ ತಿರುಗಿಸಿ ತಿರುಗಿಸಿ ತೋಳು ಸೋಲುತ್ತದೆ. ನೆಂಟರು ಬಂದ ದಿನ ಇದು ಸಾಲದು. ಜನವರಿಯ ಒಣಹವೆಯಲ್ಲಿ ಧೂಳೆಲ್ಲ ಡಬ್ಬಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಬೀಸುವ ಮುಂಚೆ ಬೀಜಕ್ಕೆ ಒಂದು ಹನಿ ನೀರು ತಾಗಿಸಿ ಕಲಕಿದರೆ ಆ ಕಾಟವಿಲ್ಲ. ಮಳೆಗಾಲದಲ್ಲಿ ಬರ್ ಬಿಚ್ಚಿ ಒಣ ಬ್ರಷ್‌ನಿಂದ ಉಜ್ಜಲೇಬೇಕು, ಒಳಗೆ ಸಿಕ್ಕಿಕೊಂಡ ಪುಡಿಯ ಎಣ್ಣೆ ಕಮಟು ವಾಸನೆ ಹಿಡಿದರೆ ಮರುದಿನದ ಕಾಫಿಗೂ ಅದೇ ವಾಸನೆ.