ಬ್ಯಾಂಕಿನ ನಿಕಲ್ ರೋಲ್‌ಗಳು: ಹಳೆಯ ನಾಣ್ಯ ಹುಡುಕುವವರ ದೃಷ್ಟಿಯಿಂದ ಒಂದು ವಿಮರ್ಶೆ

ಅಮೆರಿಕದ ಬಹುತೇಕ ಬ್ಯಾಂಕ್ ಶಾಖೆಗಳಲ್ಲಿ ಎರಡು ಡಾಲರ್ ಕೊಟ್ಟರೆ ಐದು ಸೆಂಟಿನ, ಅಂದರೆ ನಿಕಲ್ ಎಂದು ಕರೆಯುವ, 40 ನಾಣ್ಯಗಳನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಒಂದು ರೋಲ್ ಸಿಗುತ್ತದೆ. ಅಂಗಡಿಯವರು ಚಿಲ್ಲರೆಗೆಂದು ಕೊಳ್ಳುವ ಈ ರೋಲ್‌ಗಳನ್ನು ನಾನು ನಾಣ್ಯ ಸಂಗ್ರಹದ ಸಲುವಾಗಿ ಬಹಳ ಕಾಲದಿಂದ ತರಿಸಿಕೊಳ್ಳುತ್ತಿದ್ದೇನೆ. ಇಂದು ಚಲಾವಣೆಯಲ್ಲಿರುವ ಅಮೆರಿಕದ ನಾಣ್ಯಗಳಲ್ಲಿ ತಾಳ್ಮೆಯಿಂದ ಹುಡುಕುವವರಿಗೆ ನಿಕಲ್‌ನಷ್ಟು ಒದಗಿಬರುವ ನಾಣ್ಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣ ಲೋಹದಲ್ಲಿದೆ. ಹತ್ತು ಸೆಂಟಿನ ಡೈಮ್ ಮತ್ತು ಇಪ್ಪತ್ತೈದು ಸೆಂಟಿನ ಕ್ವಾರ್ಟರ್‌ಗಳಲ್ಲಿ 1964ರವರೆಗೆ ಶೇಕಡಾ 90ರಷ್ಟು ಬೆಳ್ಳಿ ಇತ್ತು. 1965ರಿಂದ ಬೆಳ್ಳಿಯಿಲ್ಲದ ನಾಣ್ಯಗಳು ಬಂದೊಡನೆ ಜನರು ಹಳೆಯವನ್ನು ಆರಿಸಿ ಎತ್ತಿಟ್ಟುಕೊಂಡರು, ಹಾಗಾಗಿ ಆ ರೋಲ್‌ಗಳಲ್ಲಿ ಇಂದು ಹಳೆಯದೇನಾದರೂ ಸಿಕ್ಕರೆ ಅದು ಅಪರೂಪದ ಅದೃಷ್ಟವೇ ಸರಿ. ನಿಕಲ್‌ನ ಕಥೆ ಹಾಗಲ್ಲ. 1866ರಿಂದ ಇಂದಿನವರೆಗೆ, ಎರಡನೆಯ ಮಹಾಯುದ್ಧದ ಕೆಲವು ವರ್ಷಗಳನ್ನು ಬಿಟ್ಟರೆ, ಅದರಲ್ಲಿರುವುದು ಶೇಕಡಾ 75 ತಾಮ್ರ ಮತ್ತು ಶೇಕಡಾ 25 ನಿಕಲ್ ಲೋಹ, ತೂಕ ಐದು ಗ್ರಾಂ. 1940ರ ನಾಣ್ಯಕ್ಕೂ ಕಳೆದ ವರ್ಷದ ನಾಣ್ಯಕ್ಕೂ ಲೋಹದಲ್ಲಿ ವ್ಯತ್ಯಾಸವಿಲ್ಲವಾದ್ದರಿಂದ ಹಳೆಯವನ್ನು ಸಾರಾಸಗಟಾಗಿ ಹೆಕ್ಕಿ ತೆಗೆಯುವ ಪ್ರಮೇಯ ಯಾರಿಗೂ ಬರಲಿಲ್ಲ. ಅಜ್ಜಂದಿರ ಕಾಲದ ನಾಣ್ಯವೊಂದು ಇಂದಿಗೂ ಐದು ಸೆಂಟಿನ ಬೆಲೆಯಲ್ಲಿಯೇ ಕೈಗೆ ಬರುವುದು ಇದರಿಂದಾಗಿ.

ಬ್ಯಾಂಕಿನಿಂದ ರೋಲ್‌ಗಳನ್ನು ಪಡೆಯುವುದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಇಡೀ ಪೆಟ್ಟಿಗೆ: 50 ರೋಲ್, 2,000 ನಾಣ್ಯ, 100 ಡಾಲರ್, ನಾಣ್ಯಗಳ ತೂಕವೇ ಹತ್ತು ಕಿಲೋ. ಇದನ್ನು ಸಾಮಾನ್ಯವಾಗಿ ಮುಂಚಿತವಾಗಿ ಹೇಳಿ ತರಿಸಬೇಕಾಗುತ್ತದೆ, ಖಾತೆ ಇಲ್ಲದವರಿಗೆ ಅನೇಕ ಶಾಖೆಗಳು ಕೊಡುವುದಿಲ್ಲ. ಎರಡನೆಯದು, ಗ್ರಾಹಕರು ಮನೆಯಲ್ಲಿ ಕೂಡಿಟ್ಟ ಚಿಲ್ಲರೆಯನ್ನು ತಾವೇ ಕಾಗದದಲ್ಲಿ ಸುತ್ತಿ ತಂದು ಜಮಾ ಮಾಡಿದ ರೋಲ್‌ಗಳು. ಟೆಲ್ಲರ್‌ ಬಳಿ ವಿನಯದಿಂದ ಕೇಳಿದರೆ ಅವು ಕೆಲವೊಮ್ಮೆ ಡ್ರಾಯರಿನಿಂದ ಹೊರಬರುತ್ತವೆ. ಇವೆರಡರಲ್ಲಿ ನನ್ನ ಮತ ನಿಸ್ಸಂಶಯವಾಗಿ ಎರಡನೆಯದಕ್ಕೆ. ಯಂತ್ರ ಸುತ್ತಿದ ಪೆಟ್ಟಿಗೆಯಲ್ಲಿ ಇಡೀ ಪ್ರದೇಶದ ಚಿಲ್ಲರೆ ಬೆರೆತು ಬಂದಿರುತ್ತದೆ. ಕೆಲವೊಮ್ಮೆ ಟಂಕಸಾಲೆಯಿಂದ ನೇರವಾಗಿ ಬಂದ ಒಂದೇ ವರ್ಷದ ಹೊಚ್ಚ ಹೊಸ ನಾಣ್ಯಗಳೇ ತುಂಬಿರುತ್ತವೆ, ಆಗ ಹುಡುಕಲು ಏನೂ ಇರುವುದಿಲ್ಲ. ಕೈಯಲ್ಲಿ ಸುತ್ತಿದ ರೋಲ್ ಮಾತ್ರ ಯಾವುದೋ ಮನೆಯ ಕಪಾಟಿನಲ್ಲಿ ದಶಕಗಳ ಕಾಲ ಕೂತಿದ್ದ ಡಬ್ಬಿಯಿಂದ ಬಂದಿರಬಹುದು, ಅಂಥದ್ದರಲ್ಲಿ 1960ಕ್ಕಿಂತ ಹಿಂದಿನ ನಾಣ್ಯಗಳು ಒಂದರ ಹಿಂದೊಂದು ಬರುತ್ತವೆ.

ರೋಲ್ ಒಡೆದ ಮೇಲೆ ಕಣ್ಣಿಗೆ ಕೆಲಸ. 2006ರಿಂದೀಚಿನ ನಾಣ್ಯಗಳಲ್ಲಿ ಅಮೆರಿಕದ ಮೂರನೆಯ ಅಧ್ಯಕ್ಷ ಜೆಫರ್ಸನ್ ನಮ್ಮತ್ತ ಮುಖ ಮಾಡಿ ನೋಡುತ್ತಾರೆ, ಅದಕ್ಕೂ ಹಿಂದಿನ ಬಹುಪಾಲು ನಾಣ್ಯಗಳಲ್ಲಿ ಎಡಕ್ಕೆ ತಿರುಗಿದ ಪಾರ್ಶ್ವಮುಖವಿದೆ. ಆದ್ದರಿಂದ ನಾಣ್ಯಗಳನ್ನು ಮೇಜಿನ ಮೇಲೆ ಹರಡಿ, ಎದುರು ನೋಡುವ ಮುಖಗಳನ್ನು ಒಂದೇ ನೋಟದಲ್ಲಿ ಬದಿಗೆ ಸರಿಸಬಹುದು. ಅವುಗಳಲ್ಲಿ 2009ರದನ್ನು ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಆರ್ಥಿಕ ಕುಸಿತದ ಆ ವರ್ಷ ಚಿಲ್ಲರೆಗೆ ಬೇಡಿಕೆ ಕುಗ್ಗಿದ್ದರಿಂದ ಫಿಲಡೆಲ್ಫಿಯದ ಟಂಕಸಾಲೆಯಲ್ಲಿ 3.98 ಕೋಟಿ, ಡೆನ್ವರಿನದರಲ್ಲಿ 4.68 ಕೋಟಿ ನಾಣ್ಯಗಳನ್ನಷ್ಟೇ ಹೊಡೆದರು. ಉಳಿದ ಪಾರ್ಶ್ವಮುಖಗಳಲ್ಲಿ ಇಸವಿ ನೋಡಿ, ಆಮೇಲೆ ಮಗುಚಿ ಟಂಕಸಾಲೆಯ ಗುರುತನ್ನು ಹುಡುಕಬೇಕು. 1938ರಿಂದ 1964ರವರೆಗೆ ಅದು ಹಿಂಬದಿಯಲ್ಲಿ, ಜೆಫರ್ಸನ್ ಅವರ ಮನೆಯಾದ ಮಾಂಟಿಸೆಲ್ಲೊ ಕಟ್ಟಡದ ಬಲಕ್ಕೆ, ತೀರ ಸಣ್ಣ ಅಕ್ಷರದಲ್ಲಿದೆ. 1968ರಿಂದ ಮುಂಬದಿಗೆ ಬಂತು.

ನಿಜವಾದ ಬಹುಮಾನವೆಂದರೆ ಯುದ್ಧಕಾಲದ ನಾಣ್ಯ. ನಿಕಲ್ ಲೋಹ ಯುದ್ಧ ಸಾಮಗ್ರಿಗೆ ಬೇಕಾಗಿದ್ದುದರಿಂದ 1942ರ ಅಕ್ಟೋಬರಿನಿಂದ 1945ರ ಕೊನೆಯವರೆಗೆ ಶೇಕಡಾ 56 ತಾಮ್ರ, 35 ಬೆಳ್ಳಿ ಮತ್ತು 9 ಮ್ಯಾಂಗನೀಸ್ ಸೇರಿಸಿ ಇದನ್ನು ತಯಾರಿಸಿದರು. ಮುಂದೆ ಬೇರ್ಪಡಿಸಲು ಸುಲಭವಾಗಲೆಂದು ಮಾಂಟಿಸೆಲ್ಲೊ ಗುಮ್ಮಟದ ಮೇಲುಗಡೆಯೇ ಪಿ (ಫಿಲಡೆಲ್ಫಿಯ), ಡಿ (ಡೆನ್ವರ್) ಅಥವಾ ಎಸ್ (ಸ್ಯಾನ್ ಫ್ರಾನ್ಸಿಸ್ಕೊ) ಎಂಬ ದೊಡ್ಡ ಅಕ್ಷರವನ್ನು ಒತ್ತಿದರು. ಫಿಲಡೆಲ್ಫಿಯದ ಟಂಕಸಾಲೆ ಅಮೆರಿಕದ ನಾಣ್ಯದ ಮೇಲೆ ತನ್ನ ಗುರುತು ಹಾಕಿದ್ದು ಅದೇ ಮೊದಲು. ಒಂದೊಂದರಲ್ಲಿ 1.75 ಗ್ರಾಂ ಬೆಳ್ಳಿ, ಇಪ್ಪತ್ತು ಸೇರಿದರೆ 35 ಗ್ರಾಂ. ಬಳಕೆಯಲ್ಲಿ ಸವೆದ ಮೇಲೆ ಇವು ಹೊಳಪು ಕಳೆದುಕೊಂಡು ಕಂದು ಛಾಯೆಯ ಮಾಸಲು ಬೂದು ಬಣ್ಣಕ್ಕೆ ತಿರುಗುತ್ತವೆ. ರೋಲಿನ ಕಾಗದ ಬಿಚ್ಚಿ ನಾಣ್ಯಗಳ ಅಂಚನ್ನಷ್ಟೇ ನೋಡಿದರೂ ಅಭ್ಯಾಸವಾದ ಕಣ್ಣಿಗೆ ಆ ಬೂದು ಗೆರೆ ಕಾಣಿಸುತ್ತದೆ. ಇಸವಿ 1944 ಆಗಿದ್ದು ಗುಮ್ಮಟದ ಮೇಲೆ ಅಕ್ಷರವೇ ಇಲ್ಲದಿದ್ದರೆ ಅದು ನ್ಯೂಜೆರ್ಸಿಯ ಫ್ರಾನ್ಸಿಸ್ ಲೆರಾಯ್ ಹೆನ್ನಿಂಗ್ ಎಂಬಾತ 1950ರ ದಶಕದಲ್ಲಿ ಮಾಡಿದ ಖೋಟಾ ನಾಣ್ಯವಾಗಿರುವ ಸಾಧ್ಯತೆ ಹೆಚ್ಚು. ಐದು ಸೆಂಟಿನ ನಾಣ್ಯವನ್ನೂ ನಕಲು ಮಾಡಿದ ಆತ ಸಿಕ್ಕಿಬೀಳಲು ಆ ಬಿಟ್ಟುಹೋದ ಅಕ್ಷರವೂ ನೆರವಾಯಿತು.

ಸಂಗ್ರಾಹಕರೆಲ್ಲ ಹಂಬಲಿಸುವ 1950ರ ಡೆನ್ವರ್ ನಾಣ್ಯದ ಬಗ್ಗೆ ಹೊಸಬರಿಗೆ ಒಂದು ಮಾತು. ಇದರ ಸಂಖ್ಯೆ ಕೇವಲ 26,30,030. ಜೆಫರ್ಸನ್ ಸರಣಿಯ ಚಲಾವಣೆಯ ನಾಣ್ಯಗಳಲ್ಲಿ ಇದೇ ಅತಿ ಕಡಿಮೆ. ಈ ಸುದ್ದಿ ಆಗಲೇ ಹಬ್ಬಿದ್ದರಿಂದ ಜನರು ಹೊಸದಿರುವಾಗಲೇ ಕೂಡಿಟ್ಟರು, ಆದ್ದರಿಂದ ರೋಲ್‌ನಲ್ಲಿ ಇದು ಸಿಗುವುದು ಬಹಳ ಕಷ್ಟ, ಅಂಗಡಿಯಲ್ಲಿ ಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ನನ್ನ ಮಟ್ಟಿಗೆ 1939ರ ಡೆನ್ವರ್ ನಾಣ್ಯವೇ ಹೆಚ್ಚು ಬೆಲೆಯುಳ್ಳ ಶೋಧ: 35,14,000 ಮಾತ್ರ ಹೊಡೆದದ್ದು, ಬಹಳಷ್ಟು ನಿಜವಾಗಿಯೂ ಜನರ ಕೈಯಲ್ಲಿ ಸವೆದವು.

1913ರಿಂದ 1938ರವರೆಗಿನ ಬಫಲೊ ನಿಕಲ್ ಕೂಡ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಒಂದು ಬದಿಯಲ್ಲಿ ಅಮೆರಿಕದ ಮೂಲನಿವಾಸಿಯ ಮುಖ, ಇನ್ನೊಂದರಲ್ಲಿ ಕಾಡೆಮ್ಮೆ (ಬೈಸನ್) ಇರುವಂತೆ ಜೇಮ್ಸ್ ಅರ್ಲ್ ಫ್ರೇಸರ್ ರೂಪಿಸಿದ ಈ ನಾಣ್ಯದಷ್ಟು ಚೆಲುವಾದದ್ದು ಅಮೆರಿಕದ ಚಿಲ್ಲರೆಯಲ್ಲಿ ಮತ್ತೊಂದು ಬರಲಿಲ್ಲ. ಆದರೆ ಇಸವಿಯನ್ನು ಮೂಲನಿವಾಸಿಯ ಭುಜದ ಉಬ್ಬಿದ ಭಾಗದಲ್ಲಿಯೇ ಕೆತ್ತಿದ್ದರಿಂದ ಅದು ಮೊದಲು ಸವೆದು ಹೋಗುತ್ತದೆ. ಸಿಗುವವು ಹೆಚ್ಚಾಗಿ ಇಸವಿಯಿಲ್ಲದವು, ಬೆಲೆಯೂ ಅಷ್ಟಕ್ಕಷ್ಟೆ. ಆಸಿಡ್ ಹಾಕಿ ಇಸವಿಯನ್ನು ಎಬ್ಬಿಸುವವರಿದ್ದಾರೆ, ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ, ನಾಣ್ಯದ ಮೈ ಶಾಶ್ವತವಾಗಿ ಹಾಳಾಗುತ್ತದೆ.

ಸೇವೆಯ ಕುಂದುಗಳನ್ನೂ ಹೇಳಬೇಕು. ಕೈಯಲ್ಲಿ ಸುತ್ತಿದ ರೋಲ್‌ಗಳನ್ನು ಶಾಖೆಯವರು ಎಣಿಸಿಯೇ ಕೊಡುತ್ತಾರೆಂಬ ಭರವಸೆ ಇಲ್ಲ. 40ರ ಬದಲು 38 ನಾಣ್ಯಗಳಿದ್ದ ರೋಲ್ ನನಗೆ ಬಂದಿದೆ, ಮತ್ತೊಂದರಲ್ಲಿ ಕೆನಡಾದ ಬೀವರ್ ನಾಣ್ಯಗಳು ಬೆರೆತಿದ್ದವು. ಕೊರತೆಯನ್ನು ಹೇಳಿದಾಗ ಆ ಶಾಖೆಯವರು ಕಾಗದ ಒಡೆದ ಮೇಲೆ ತಮ್ಮ ಜವಾಬ್ದಾರಿಯಿಲ್ಲ ಎಂದುಬಿಟ್ಟರು. ಪೆಟ್ಟಿಗೆಗೆ ಶುಲ್ಕ ಹೇಳುವ ಬ್ಯಾಂಕುಗಳೂ ಇವೆ, ಮೊದಲೇ ಕೇಳಿಕೊಳ್ಳಿ. ಶುಲ್ಕ ಕೊಟ್ಟು ಹುಡುಕುವುದು ಸರ್ವಥಾ ಲಾಭದ ಮಾತಲ್ಲ. ಬೇಡವಾದ ನಾಣ್ಯಗಳನ್ನು ಮುಖಬೆಲೆಗೇ ಹಿಂದಿರುಗಿಸಬಹುದು ಎಂಬುದೇ ಈ ಸೇವೆಯ ದೊಡ್ಡ ಗುಣ. ಅದನ್ನು ಶುಲ್ಕ ನುಂಗಬಾರದು.

ಕರಗಿಸುವ ಆಸೆಯಿಂದ ಪೆಟ್ಟಿಗೆ ಕೂಡಿಡುವವರಿಗೆ ಈ ವಿಮರ್ಶೆ ಉಪಯೋಗಕ್ಕೆ ಬರಲಾರದು. ಒಂದು ನಿಕಲ್ ತಯಾರಿಸಿ ಹಂಚಲು 2024ರ ಆರ್ಥಿಕ ವರ್ಷದಲ್ಲಿ 13.78 ಸೆಂಟ್ ತಗಲಿದ್ದು ನಿಜವಾದರೂ ಇವನ್ನು ಕರಗಿಸುವುದನ್ನು ಅಮೆರಿಕದ ಸರ್ಕಾರ 2006ರ ಡಿಸೆಂಬರಿನಲ್ಲಿಯೇ ನಿಷೇಧಿಸಿದೆ. ಬೆಳ್ಳಿ ಬೆರೆತ ಯುದ್ಧಕಾಲದ ನಾಣ್ಯಗಳಿಗೆ ಮಾತ್ರ ವಿನಾಯಿತಿ. ಊರಿನ ಮಕ್ಕಳಿಗೆ ಕೊಡಲೆಂದು ಇಲ್ಲಿನ ಚಿಲ್ಲರೆ ಒಯ್ಯುವ ಕನ್ನಡಿಗರು ಅದೇ ನಿಯಮದ ಇನ್ನೊಂದು ಭಾಗವನ್ನು ತಿಳಿದಿರಬೇಕು: ಪೆನ್ನಿ (ಒಂದು ಸೆಂಟಿನ ನಾಣ್ಯ) ಮತ್ತು ನಿಕಲ್‌ಗಳನ್ನು ಪ್ರಯಾಣಿಕರು 5 ಡಾಲರ್ ಮೌಲ್ಯದವರೆಗೆ ದೇಶದ ಹೊರಗೆ ಒಯ್ಯಬಹುದು, ಸಂಗ್ರಹದ ಹವ್ಯಾಸಕ್ಕೇ ಎಂಬುದು ಸ್ಪಷ್ಟವಿದ್ದರೆ ಮಿತಿ 25 ಡಾಲರ್.

ಕೊನೆಯದಾಗಿ, ನೋಡಿ ಮುಗಿದ ನಾಣ್ಯಗಳನ್ನು ತಂದ ಶಾಖೆಗೇ ಹಿಂದಿರುಗಿಸಬೇಡಿ: ನಿಮಗೇ ಅವು ಮತ್ತೆ ಬರುತ್ತವೆ, ಸಿಬ್ಬಂದಿಗೂ ಬೇಸರ. ಎಣಿಸುವ ಯಂತ್ರವನ್ನು ಖಾತೆದಾರರಿಗೆ ಉಚಿತವಾಗಿ ಕೊಡುವ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಜಮಾ ಮಾಡುವುದು ಲೇಸು.