ಇಂಗ್ಲಿಷ್ ಕಿವಿಗೆ ಹತ್ತಬೇಕಾದರೆ: ವಿಡಿಯೊ, ಆಡಿಯೊ, ಇಲ್ಲ ಟೀಚರ್ ಬಾಯಿಮಾತು?

ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸಲು ಈ ಮೂರನ್ನೂ ತರಗತಿಯಲ್ಲಿ ಬಳಸಿ ನೋಡಿದ್ದೇನೆ. ಮಕ್ಕಳ ಓಟು ಕಾರ್ಟೂನ್ ವಿಡಿಯೊಗೆ. ನನ್ನ ಓಟು ಅದಕ್ಕಿಲ್ಲ.

ಯಾಕೆ ಅಂತ ನೀವೇ ನೋಡಿ. ಮಕ್ಕಳು ಮೊದಲು ನೋಡಿರದ ಒಂದು ತುಣುಕನ್ನು ಸೌಂಡ್ ಪೂರ್ತಿ ಆಫ್ ಮಾಡಿ ತೋರಿಸಿ, ಕತೆ ಏನಾಯ್ತು ಅಂತ ಕೇಳಿ. ಬೆಕ್ಕು ಹಾಲು ಚೆಲ್ಲಿತು, ಅಮ್ಮ ಬೈದಳು ಅಂತ ಹೆಚ್ಚುಕಮ್ಮಿ ಎಲ್ಲ ಹೇಳಿಬಿಡುತ್ತಾರೆ. ಕಣ್ಣೇ ಎಲ್ಲ ಕೆಲಸ ಮಾಡಿದೆ, ಕಿವಿಗೆ ರಜೆ! ಮೊದಲು ಸದ್ದು ಮಾತ್ರ ಕೇಳಿಸಿ, ಆಮೇಲೆ ಚಿತ್ರ ತೋರಿಸಿದರೆ ವಿಡಿಯೊ ಸ್ವಲ್ಪ ಕೆಲಸಕ್ಕೆ ಬರುತ್ತದೆ.

ನನಗೆ ಜಾಸ್ತಿ ಫಲ ಕೊಟ್ಟಿದ್ದು ಬಾಯಿಮಾತು, ಅದರಲ್ಲೂ ನಾನು ಹೇಳಿದ್ದನ್ನು ಅವರು ಮಾಡಿ ತೋರಿಸುವ ಆಟ. ಇದಕ್ಕೆ ಟೋಟಲ್ ಫಿಸಿಕಲ್ ರೆಸ್ಪಾನ್ಸ್ ಅನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಬೆಳೆಸಿದ ಪದ್ಧತಿ. ಬಾಯಿ ಬಿಡಲು ನಾಚುವ ಮಗುವೂ ‘ಟಚ್ ಯುವರ್ ನೋಸ್’ ಅಂದರೆ ಮೂಗು ಮುಟ್ಟುತ್ತದೆ. ಅರ್ಥವಾಯ್ತಾ ಅಂತ ಬೇರೆ ಕೇಳಬೇಕಾಗಿಲ್ಲ. ಒಂದೇ ತೊಂದರೆ, ಪಕ್ಕದವರನ್ನು ನೋಡಿ ಕಾಪಿ ಹೊಡೆಯುತ್ತಾರೆ. ಕಣ್ಣು ಮುಚ್ಚಿಸಿ ಆಡಿಸಿ. ಇಲ್ಲವೇ ನೀವು ಮೂಗು ಅಂದು ಕಿವಿ ಮುಟ್ಟಿ. ನಿಜವಾಗಿ ಕೇಳಿಸಿಕೊಂಡವರು ಯಾರು ಅಂತ ಆಗ ಗೊತ್ತಾಗುತ್ತದೆ.

ಸ್ವಲ್ಪ ದೊಡ್ಡವರಾದರೆ ಹೇಳಿ ಚಿತ್ರ ಬರೆಸಬಹುದು. ಒಂದು ಟೇಬಲ್ ಬರೆಸಿ ‘ದ ಕ್ಯಾಟ್ ಈಸ್ ಅಂಡರ್ ದ ಟೇಬಲ್’ ಅನ್ನಿ. ಕೆಲವರ ಬೆಕ್ಕು ಟೇಬಲ್ ಮೇಲೆ ಕೂತಿರುತ್ತದೆ. ಯಾವ ಪದ ಕಿವಿಗೆ ಬಿದ್ದಿಲ್ಲ ಅನ್ನುವುದು ಹಾಳೆಯಲ್ಲೇ ಕಾಣುತ್ತದೆ, ಅಲ್ವಾ?

ಹಾಗಂತ ಆಡಿಯೊ ಬೇಡ ಅನ್ನುವಂತಿಲ್ಲ. ನಾವು ಟೀಚರುಗಳು ನಮಗೇ ಗೊತ್ತಿಲ್ಲದೆ ಪದಗಳನ್ನು ಬಿಡಿಸಿ ಬಿಡಿಸಿ ಹೇಳುತ್ತೇವೆ. ಸಹಜವಾಗಿ ಆಡುವವರ ಬಾಯಲ್ಲಿ ‘ಪಿಕ್ ಇಟ್ ಅಪ್’ ಅನ್ನುವುದು ಕೂಡಿಕೊಂಡು ‘ಪಿಕಿಟಪ್’ ಆಗುತ್ತದೆ. ಮೂರು ಪದವೂ ಗೊತ್ತಿರುವ ಮಗು ಅಲ್ಲಿ ಸುಮ್ನೆ ಮುಖ ನೋಡುತ್ತದೆ. ‘ಥರ್ಟೀನ್’, ‘ಥರ್ಟಿ’ ಗೊಂದಲವೂ ಇಂಥದ್ದೇ, ಹಲವು ಧ್ವನಿಗಳಲ್ಲಿ ಕೇಳಿದಷ್ಟೂ ಕಿವಿ ಪಳಗುತ್ತದೆ. ಆದರೆ ಆಡಿಯೊ ಯಾರಿಗೂ ಕಾಯುವುದಿಲ್ಲ, ಒಂದು ವಾಕ್ಯ ತಪ್ಪಿದರೆ ಮಗು ಅಲ್ಲೇ ಕೈಬಿಡುತ್ತದೆ. ಅದಕ್ಕೇ ಒಂದು ನಿಮಿಷಕ್ಕಿಂತ ಉದ್ದದ್ದು ಬೇಡ. ಪ್ರಶ್ನೆಯನ್ನು ಮೊದಲೇ ಹೇಳಿ, ಆಮೇಲೆ ಹಾಕಿ. ಕಷ್ಟ ಅನ್ನಿಸಿದರೆ ಸ್ಪೀಡ್ ಇಳಿಸುವ ಬದಲು ವಾಕ್ಯಗಳ ನಡುವೆ ನಿಲ್ಲಿಸಿ. ತುಂಬ ನಿಧಾನ ಮಾಡಿದರೆ ರಾಗ ಎಳೆದಂತಾಗಿ ಮಕ್ಕಳು ನಗುವುದರಲ್ಲೇ ಪೀರಿಯಡ್ ಮುಗಿಯುತ್ತದೆ.